ಇಮ್ಯಾಕ್ಸ್ ಪ್ಯಾಕೇಜುಗಳು: ಎಲ್ಲಿ ಹುಡುಕಬೇಕು, ಯಾವುದನ್ನು ನಂಬಬೇಕು? (ಪ್ರಶ್ನೋತ್ತರ)

ನಿರ್ವಾಹಕರು: ಎಲ್ಲರಿಗೂ ನಮಸ್ಕಾರ. ಇಮ್ಯಾಕ್ಸ್ ಎಂಬ ಪಠ್ಯ ಸಂಪಾದಕಕ್ಕೆ ಪ್ಯಾಕೇಜ್, ಅಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಕೋಡ್, ಹುಡುಕುವುದು ಹೇಗೆ ಎಂಬ ಪ್ರಶ್ನೆ ಗುಂಪಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಹಲವು ವರ್ಷಗಳಿಂದ ಪ್ಯಾಕೇಜುಗಳನ್ನು ಬರೆದು ನಿರ್ವಹಿಸುತ್ತಿರುವ ಮೇಡಂ ಇಂದು ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆಯ ಜೊತೆ ನಿಮ್ಮ ಇಮ್ಯಾಕ್ಸ್ ಆವೃತ್ತಿಯನ್ನು ದಯವಿಟ್ಟು ಬರೆಯಿರಿ.

ಮೂರನೇ ಬೆಂಚು: ನಮಸ್ಕಾರ ಮೇಡಂ. ಆವೃತ್ತಿ 29. ಪ್ಯಾಕೇಜುಗಳು ಎಲ್ಲಿ ಸಿಗುತ್ತವೆ? ಹುಡುಕಿದಾಗಲೆಲ್ಲ ಯಾರದೋ ಪುಟಕ್ಕೆ ಹೋಗಿ ನಿಲ್ಲುತ್ತೇನೆ.

ತಜ್ಞೆ: ನಮಸ್ಕಾರ. ಹೊರಗೆ ಹುಡುಕುವ ಮೊದಲು ಇಮ್ಯಾಕ್ಸ್ ಒಳಗೇ ಹುಡುಕಿ. ಆಲ್ಟ್-ಎಕ್ಸ್ ಒತ್ತಿ ಲಿಸ್ಟ್-ಪ್ಯಾಕೇಜಸ್ ಎಂದು ಕೊಟ್ಟರೆ ಪಟ್ಟಿ ತೆರೆಯುತ್ತದೆ. ಹೆಸರಿನ ಮೇಲೆ ಎಂಟರ್ ಒತ್ತಿದರೆ ಅದರ ವಿವರಣೆ, ಅದು ಬೇಡುವ ಇತರ ಪ್ಯಾಕೇಜುಗಳು, ಮೂಲ ಪುಟದ ವಿಳಾಸ ಕಾಣುತ್ತವೆ. ಐ ಒತ್ತಿ ಗುರುತು ಹಾಕಿ, ಎಕ್ಸ್ ಒತ್ತಿ ಅನುಸ್ಥಾಪಿಸಿ.

ಮುಖ್ಯ ಭಂಡಾರಗಳು ಮೂರು. ಗ್ನೂ ಎಲ್ಪಾ ಇಮ್ಯಾಕ್ಸ್ ಯೋಜನೆಯದೇ. ಅಲ್ಲಿಗೆ ಕೋಡ್ ಕೊಡುವವರು ಕೃತಿಸ್ವಾಮ್ಯವನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಬರೆದುಕೊಡಬೇಕು. ನಾನ್‌ಗ್ನೂ ಎಲ್ಪಾದಲ್ಲಿ ಆ ಷರತ್ತಿಲ್ಲ. 2022ರಲ್ಲಿ ಬಂದ 28ನೇ ಆವೃತ್ತಿಯಿಂದ ಅದು ತಾನಾಗಿಯೇ ಪಟ್ಟಿಯಲ್ಲಿರುತ್ತದೆ. ಮೂರನೆಯದು ಮೆಲ್ಪಾ. ಸಾವಿರಾರು ಪ್ಯಾಕೇಜುಗಳಿರುವ ಸಮುದಾಯದ ಭಂಡಾರ, ಇದನ್ನು ನೀವೇ ಸೇರಿಸಿಕೊಳ್ಳಬೇಕು.

ಇನ್ನೊಂದು ಮಾತು. ನಿಮಗೆ ಬೇಕಾದದ್ದು ಈಗಾಗಲೇ ನಿಮ್ಮಲ್ಲಿ ಇರಬಹುದು. ಯೂಸ್-ಪ್ಯಾಕೇಜ್ (ಪ್ಯಾಕೇಜುಗಳ ಸೆಟ್ಟಿಂಗ್ ಜೋಡಿಸುವುದು) ಮತ್ತು ಎಗ್ಲಾಟ್ (ಕೋಡ್ ಬರೆಯುವಾಗ ನೆರವಾಗುವುದು) 29ರಿಂದ, ವಿಚ್-ಕೀ (ಮುಂದೆ ಒತ್ತಬಹುದಾದ ಕೀಲಿಗಳನ್ನು ತೋರಿಸುವುದು) 30ರಿಂದ ಇಮ್ಯಾಕ್ಸ್ ಜೊತೆಗೇ ಬರುತ್ತವೆ. ಹಳೆಯ ಬರಹಗಳನ್ನು ನೋಡಿ ಇವನ್ನು ಮತ್ತೆ ಇಳಿಸಿಕೊಳ್ಳುವವರು ಬಹಳ.

ಸಂಜೆಗಣಕ: ಮಿಂಚಂಚೆ ಓದಲು ಯಾವ ಪ್ಯಾಕೇಜ್ ಒಳ್ಳೆಯದು ಮೇಡಂ?

ಕರಿ ಪರದೆ: ಆವೃತ್ತಿ 26.1. ಏನನ್ನು ಹಾಕಲು ಹೋದರೂ ಸಹಿ ಪರಿಶೀಲನೆ ವಿಫಲ ಎಂದು ಬರುತ್ತದೆ. ಗೆಳೆಯರೊಬ್ಬರು ಒಂದು ಸಾಲಿನ ಪರಿಹಾರ ಕಳಿಸಿದ್ದಾರೆ: ಪ್ಯಾಕೇಜ್-ಚೆಕ್-ಸಿಗ್ನೇಚರ್ ಎಂಬುದನ್ನು ನಿಲ್ (ಅಂದರೆ ಬೇಡ) ಎಂದು, ಇಮ್ಯಾಕ್ಸ್ ತೆರೆಯುವಾಗ ಓದುವ ಇನಿಟ್ ಕಡತದಲ್ಲಿ ಬರೆಯುವುದು. ಬರೆಯಲೇ?

ತಜ್ಞೆ: ಬರೆಯಬೇಡಿ. ಗ್ನೂ ಎಲ್ಪಾ ಪ್ಯಾಕೇಜುಗಳಿಗೆ, ದಾರಿಯಲ್ಲಿ ಯಾರೂ ಬದಲಿಸಿಲ್ಲ ಎಂದು ತೋರಿಸುವ ಡಿಜಿಟಲ್ ಸಹಿ ಇರುತ್ತದೆ. ಆ ಸಹಿಯನ್ನು ಪರೀಕ್ಷಿಸುವ ಹಳೆಯ ಕೀಲಿಯ ಅವಧಿ 2019ರಲ್ಲಿ ಮುಗಿಯಿತು. ಅದೇ ವರ್ಷದ 26.3ರಲ್ಲಿ ಹೊಸ ಕೀಲಿ ಬಂತು, ನಿಮ್ಮ 26.1ರಲ್ಲಿ ಅದಿಲ್ಲ. ಆದ್ದರಿಂದ ಹೊಸ ಆವೃತ್ತಿಗೆ ಹೋಗುವುದೇ ಸರಿಯಾದ ದಾರಿ. ಆಗದಿದ್ದರೆ ಈ ಒಂದು ಬಾರಿಗೆ ಮಾತ್ರ, ಇನಿಟ್ ಕಡತವನ್ನು ಮುಟ್ಟದೆ, ಪರಿಶೀಲನೆಯನ್ನು ನಿಲ್ಲಿಸಿ ಗ್ನೂ-ಎಲ್ಪಾ-ಕೀರಿಂಗ್-ಅಪ್‌ಡೇಟ್ ಎಂಬ ಪ್ಯಾಕೇಜನ್ನು ಹಾಕಿ, ಇಮ್ಯಾಕ್ಸ್ ಮುಚ್ಚಿ ಮತ್ತೆ ತೆರೆಯಿರಿ. ಪರಿಶೀಲನೆ ತಾನಾಗಿ ಮರಳುತ್ತದೆ. ಗೆಳೆಯರ ಸಾಲು ಬಾಗಿಲಿನ ಬೀಗ ತುಕ್ಕು ಹಿಡಿಯಿತೆಂದು ಬಾಗಿಲನ್ನೇ ಕಿತ್ತಿಡುವಂಥದ್ದು.

ಒಂಟಿ ಆವರಣ: ಡೂಮ್ ಎಂಬ ಸಿದ್ಧ ಇಮ್ಯಾಕ್ಸ್ ಸೆಟ್ಟಿಂಗ್ ಬಳಸುತ್ತೇನೆ. ಪ್ಯಾಕೇಜ್-ಇನ್‌ಸ್ಟಾಲ್ ಮಾಡಿದ್ದು ಮುಂದಿನ ಸಲ ತೆರೆದಾಗ ಇರುವುದಿಲ್ಲ, ಏಕೆ?

ತಜ್ಞೆ: ಡೂಮ್‌ನಲ್ಲಿ ಆ ಆಜ್ಞೆಯನ್ನು ಬಳಸಬಾರದು. ಪ್ಯಾಕೇಜಸ್ ಕಡತಕ್ಕೆ ಹೆಸರು ಸೇರಿಸಿ ಡೂಮ್ ಸಿಂಕ್ ಓಡಿಸಿ.

ಮಂಜಿನ ಹನಿ: ಮೇಡಂ, ನಾನು ಸಂಶೋಧನಾ ವಿದ್ಯಾರ್ಥಿನಿ. ಆವೃತ್ತಿ 29.1. ಮಹಾಪ್ರಬಂಧದ ಟಿಪ್ಪಣಿಗಳೆಲ್ಲ ಆರ್ಗ್ (ಟಿಪ್ಪಣಿ ಬರೆಯಲು ಇಮ್ಯಾಕ್ಸ್ ಜೊತೆ ಬರುವ ಪ್ಯಾಕೇಜ್) ಕಡತಗಳಲ್ಲಿವೆ. ಹಿರಿಯರೊಬ್ಬರು ಫಾರ್ವರ್ಡ್ ಮಾಡಿದ ನಲವತ್ತು ಸಾಲಿನ ಸಿದ್ಧ ಸೆಟ್ಟಿಂಗನ್ನು ಕಳೆದ ವಾರ ಇನಿಟ್ ಕಡತಕ್ಕೆ ಅಂಟಿಸಿದೆ. ಅಂದಿನಿಂದ ಇಮ್ಯಾಕ್ಸ್ ತೆರೆಯಲು ತಡವಾಗುತ್ತಿದೆ. ಆರ್ಗ್ ಕಡತ ತೆರೆದರೆ ಯಾವುದೋ ಫಂಕ್ಷನ್ ಅಮಾನ್ಯ ಎಂಬ ದೋಷ ಬರುತ್ತದೆ. ಟಿಪ್ಪಣಿಗಳು ಹಾಳಾದವೇ ಎಂಬ ಭಯ.

ತಜ್ಞೆ: ಟಿಪ್ಪಣಿಗಳು ಹಾಳಾಗಿರುವುದಿಲ್ಲ. ಆರ್ಗ್ ಕಡತ ಬರೀ ಪಠ್ಯ. ಯಾವ ಸಂಪಾದಕದಲ್ಲಿ ಬೇಕಾದರೂ ತೆರೆದು ನೋಡಿ. ನೋಡಿ, ಒಂದು ಪ್ರತಿ ಬೇರೆ ಕಡೆ ಇಟ್ಟುಕೊಳ್ಳಿ. ಆ ನಲವತ್ತು ಸಾಲುಗಳನ್ನು ಇಲ್ಲಿ ಹಾಕಿ. ಹಾಕುವವರೆಗೆ ಇಮ್ಯಾಕ್ಸ್ ತೆರೆಯಬೇಡಿ.

ಹಳೆಯ ಕಡತ: ಇದಕ್ಕೆಲ್ಲ ಮೂಲ ಮೆಲ್ಪಾ. ಗ್ನೂ ಎಲ್ಪಾ ಒಂದೇ ಸಾಕು. ಮೆಲ್ಪಾದಲ್ಲಿ ಸಹಿಯೂ ಇಲ್ಲ, ಶಿಸ್ತೂ ಇಲ್ಲ.

ಒಂಟಿ ಆವರಣ: ಅರ್ಧ ಲೋಕ ಮೆಲ್ಪಾದಿಂದ ನಡೆಯುತ್ತಿದೆ. ನೀವು ಬಳಸದಿದ್ದರೆ ಬಿಡಿ, ಹೊಸಬರನ್ನು ಹೆದರಿಸಬೇಡಿ. ಅಲ್ಲಿ ಪ್ರತಿ ಪ್ಯಾಕೇಜನ್ನೂ ಪರಿಶೀಲಿಸಿಯೇ ಸೇರಿಸುತ್ತಾರೆ.

ಹಳೆಯ ಕಡತ: ಸೇರಿಸುವಾಗ ಒಮ್ಮೆ. ಆಮೇಲೆ ಲೇಖಕರು ತಮ್ಮ ಭಂಡಾರದಲ್ಲಿ ಏನು ಬದಲಿಸಿದರೂ ಅದು ನೇರವಾಗಿ ಎಲ್ಲರ ಗಣಕಕ್ಕೆ ಬರುತ್ತದೆ. 2024ರಲ್ಲಿ ಎಕ್ಸ್‌ಝೆಡ್ ಎಂಬ ಕಡತ ಕುಗ್ಗಿಸುವ ತಂತ್ರಾಂಶದಲ್ಲಿ ಏನಾಯಿತು ಎಂದು ಓದಿ. ವರ್ಷಗಟ್ಟಲೆ ವಿಶ್ವಾಸ ಗಳಿಸಿದ ನಿರ್ವಾಹಕರೇ ಹಿಂಬಾಗಿಲು ಇಟ್ಟರು.

ಒಂಟಿ ಆವರಣ: ಎಕ್ಸ್‌ಝೆಡ್ ಬಿಡುಗಡೆಗೆ ಸಹಿ ಇತ್ತಲ್ಲ? ಸಹಿ ಏನು ಉಳಿಸಿತು? ನಿಮ್ಮ ವಾದಕ್ಕೆ ನೀವೇ ವಿರುದ್ಧ.

ಮೂರನೇ ಬೆಂಚು: ಹಾಗಾದರೆ ನಾನು ಮೆಲ್ಪಾ ಸೇರಿಸಲೇ, ಬೇಡವೇ?

ತಜ್ಞೆ: ಸೇರಿಸಿ. ಇಬ್ಬರೂ ಅರ್ಧ ಸರಿ. ಮೆಲ್ಪಾದಲ್ಲಿ ಮೊದಲ ಪರಿಶೀಲನೆ ಶ್ರದ್ಧೆಯಿಂದ ನಡೆಯುತ್ತದೆ, ಆಮೇಲಿನ ಬದಲಾವಣೆಗಳು ತಾನಾಗಿ ಕಟ್ಟಿಕೊಂಡು ಬರುತ್ತವೆ. ಒಂದು ತೊಡಕು ತಿಳಿದಿರಲಿ: ಅಲ್ಲಿಯ ಆವೃತ್ತಿ ಸಂಖ್ಯೆ ದಿನಾಂಕದಿಂದ ಆದದ್ದು, 20240115 ಎಂಬಂತೆ. ಒಂದೇ ಪ್ಯಾಕೇಜ್ ಎರಡು ಕಡೆ ಇದ್ದರೆ ಆ ದೊಡ್ಡ ಸಂಖ್ಯೆಯೇ ಗೆಲ್ಲುತ್ತದೆ. ಪ್ಯಾಕೇಜ್-ಆರ್ಕೈವ್-ಪ್ರಯಾರಿಟೀಸ್ ಎಂಬಲ್ಲಿ ಗ್ನೂ, ನಾನ್‌ಗ್ನೂ ಎರಡಕ್ಕೂ ಹೆಚ್ಚಿನ ಅಂಕ ಕೊಡಿ. ಅಲ್ಲಿ ಇಲ್ಲದ್ದು ಮಾತ್ರ ಮೆಲ್ಪಾದಿಂದ ಬರುತ್ತದೆ.

ನೀಲಿ ಶಾಯಿ: ನನಗೂ ಸಹಿ ವಿಫಲ ಎಂದು ಬರುತ್ತಿದೆ, ಏನು ಮಾಡಲಿ?

ತಜ್ಞೆ: ಕರಿ ಪರದೆಯವರಿಗೆ ಕೊಟ್ಟ ಉತ್ತರ ಓದಿ. ಗಣಕದ ದಿನಾಂಕ ಸರಿಯಿದೆಯೇ ಎಂದೂ ನೋಡಿ.

ಮಂಜಿನ ಹನಿ: ನಲವತ್ತು ಸಾಲುಗಳ ಚಿತ್ರ ಹಾಕಿದ್ದೇನೆ ಮೇಡಂ.

ತಜ್ಞೆ: ಓದಿದೆ. ನಿಧಾನವಾಗಿ ಹೇಳುತ್ತೇನೆ, ಎಲ್ಲರೂ ಓದಿ.

ಮೂರನೇ ಸಾಲಿನಲ್ಲಿ ಸಹಿ ಪರಿಶೀಲನೆಯನ್ನು ಕಾಯಂ ಆಗಿ ನಿಲ್ಲಿಸಿದ್ದಾರೆ. ಐದನೇ ಸಾಲಿನಲ್ಲಿ ಭಂಡಾರದ ವಿಳಾಸ ಎಚ್‌ಟಿಟಿಪಿಎಸ್ ಅಲ್ಲ, ಬರೀ ಎಚ್‌ಟಿಟಿಪಿ. ಇವೆರಡೂ ಸೇರಿದರೆ, ಸಾರ್ವಜನಿಕ ವೈಫೈಯಲ್ಲಿ ಕುಳಿತ ಯಾರಾದರೂ ನಡುದಾರಿಯಲ್ಲಿ ಪ್ಯಾಕೇಜನ್ನು ಬದಲಿಸಿ ಕಳಿಸಬಹುದು. ನಿಮ್ಮ ಇಮ್ಯಾಕ್ಸ್ ಅದನ್ನು ಪ್ರಶ್ನಿಸದೆ ಹಾಕಿಕೊಳ್ಳುತ್ತದೆ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಕೊನೆಯ ನಾಲ್ಕು ಸಾಲು. ನೀವು ಇಮ್ಯಾಕ್ಸ್ ತೆರೆದಾಗಲೆಲ್ಲ ಅವು ಅಪರಿಚಿತ ವಿಳಾಸವೊಂದರಿಂದ ಒಂದು ಕಡತವನ್ನು ತಂದು, ಕೂಡಲೇ ಅದನ್ನು ಓಡಿಸುತ್ತವೆ. ತೆರೆಯಲು ತಡವಾಗುವುದಕ್ಕೂ ಬಹುಪಾಲು ಅದೇ ಕಾರಣ. ಆ ಕಡತವನ್ನು ನಾನು ಓಡಿಸದೆ ಇಳಿಸಿ ಓದಿದೆ. ಈಗ ಅಲ್ಲಿರುವುದು ಬಣ್ಣಗಳ ಹೊಂದಿಕೆ, ಅಷ್ಟೇ. ಆದರೆ ಹೋದ ವಾರ ಅಲ್ಲಿ ಏನಿತ್ತು, ನಾಳೆ ಏನಿರುತ್ತದೆ ಎಂಬುದು ಆ ಪುಟದ ಒಡೆಯರ ಕೈಯಲ್ಲಿದೆ. ಇಮ್ಯಾಕ್ಸ್‌ನಲ್ಲಿ ಓಡುವ ಕೋಡ್‌ಗೆ ಬೇಲಿ ಇಲ್ಲ. ನೀವು ಓದಬಲ್ಲ ಕಡತವನ್ನೆಲ್ಲ ಅದು ಓದಬಲ್ಲದು, ಅಳಿಸಬಲ್ಲದು, ಹೊರಗೆ ಕಳಿಸಬಲ್ಲದು.

ಈಗ ಮಾಡಬೇಕಾದದ್ದು. ಬೇರೆ ಸಂಪಾದಕದಲ್ಲಿ ಇನಿಟ್ ಕಡತ ತೆರೆದು ಆ ನಲವತ್ತು ಸಾಲುಗಳನ್ನೂ ತೆಗೆಯಿರಿ. ಅರ್ಲಿ-ಇನಿಟ್ ಕಡತ, ಕಸ್ಟಮ್ ಕಡತ ಮತ್ತು ನಿಮ್ಮ ಶೆಲ್ (ಆಜ್ಞೆಗಳನ್ನು ಓಡಿಸುವ ತಂತ್ರಾಂಶ) ಆರಂಭವಾಗುವಾಗ ಓದುವ ಕಡತಗಳಲ್ಲಿ ನೀವು ಬರೆಯದ ಸಾಲು ಇದೆಯೇ ನೋಡಿ. ಆಥ್‌ಇನ್ಫೋ ಕಡತದಲ್ಲಿ ಪಾಸ್‌ವರ್ಡ್ ಬರೆದಿಟ್ಟಿದ್ದರೆ ಇಂದೇ ಬದಲಿಸಿ. ಬೇರೆ ಗಣಕಗಳಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಲಿಗಳಿದ್ದರೆ ಅವನ್ನೂ ಹೊಸದಾಗಿ ಮಾಡಿಕೊಳ್ಳಿ. ಏನೂ ಆಗಿಲ್ಲದಿರಬಹುದು. ಆದರೂ ಇಷ್ಟನ್ನು ಮಾಡಿ.

ಇನ್ನು ಆರ್ಗ್. ಇಮ್ಯಾಕ್ಸ್ 29 ತನ್ನ ಜೊತೆ ಆರ್ಗ್ 9.6 ತರುತ್ತದೆ. ಆ ಸೆಟ್ಟಿಂಗು ಮೊದಲು ಒಳಗಿನ ಆರ್ಗನ್ನು ತೆರೆದು, ಅದು ತೆರೆದಿರುವಾಗಲೇ ಹೊಸ ಆರ್ಗನ್ನು ಇಳಿಸಿ ಕಂಪೈಲ್ ಮಾಡಿಸಿದೆ. ಹಳೆಯದರ ಮ್ಯಾಕ್ರೋಗಳು (ಕೋಡ್ ಹೆಣೆಯುವ ಅಚ್ಚುಗಳು) ಹೊಸದರೊಳಗೆ ಸೇರಿ ಎರಡೂ ಕಲಸಿಹೋಗಿವೆ. ಅಮಾನ್ಯ ಫಂಕ್ಷನ್ ಎಂಬ ದೂರು ಅಲ್ಲಿಂದ ಬಂದದ್ದು. ಪ್ಯಾಕೇಜುಗಳು ಇಳಿಯುವ ಎಲ್ಪಾ ಫೋಲ್ಡರಿನಲ್ಲಿ ಆರ್ಗ್ ಎಂದು ಶುರುವಾಗಿ ಆವೃತ್ತಿ ಸಂಖ್ಯೆ ಇರುವ ಫೋಲ್ಡರನ್ನು ಅಳಿಸಿ. ಒಳಗಿನ ಆರ್ಗ್ ಮಹಾಪ್ರಬಂಧಕ್ಕೆ ಧಾರಾಳವಾಗಿ ಸಾಕು. ಹೊಸದೇ ಬೇಕೆಂದರೆ ಇಮ್ಯಾಕ್ಸನ್ನು ದೊಡ್ಡಕ್ಷರದ ಕ್ಯೂ ಆಯ್ಕೆಯೊಂದಿಗೆ, ಅಂದರೆ ಯಾವ ಸೆಟ್ಟಿಂಗೂ ಇಲ್ಲದೆ ತೆರೆದು, ಯಾವ ಆರ್ಗ್ ಕಡತವನ್ನೂ ಮುಟ್ಟದೆ, ಪಟ್ಟಿಯಿಂದ ಹಾಕಿ.

ಕೊನೆಯದಾಗಿ, 29.1 ಬಿಡಿ. 2024ರ ಜೂನ್‌ನಲ್ಲಿ 29.4 ತುರ್ತಾಗಿ ಬಂದದ್ದು ಆರ್ಗ್‌ನ ದೋಷಕ್ಕಾಗಿಯೇ. ಲಿಂಕುಗಳ ಸಂಕ್ಷೇಪದ ಮೂಲಕ ಆರ್ಗ್ ಕಡತವೊಂದು ನಿಮ್ಮ ಅನುಮತಿ ಇಲ್ಲದೆ ಶೆಲ್ ಆಜ್ಞೆ ಓಡಿಸಲು ಸಾಧ್ಯವಿತ್ತು. ಪರರ ಆರ್ಗ್ ಕಡತಗಳನ್ನು ತೆರೆಯುವ ನಿಮಗೆ ಇದು ಸಣ್ಣ ವಿಷಯವಲ್ಲ.

ಮಂಜಿನ ಹನಿ: ಓದುತ್ತಾ ಕೈ ನಡುಗಿತು ಮೇಡಂ. ಒಂದೊಂದಾಗಿ ಮಾಡುತ್ತೇನೆ.

ಕರಿ ಪರದೆ: ನನಗೂ ಅದೇ ನಲವತ್ತು ಸಾಲು ಬಂದಿದೆ. ಆದರೆ ನನ್ನಲ್ಲಿ ಚೆನ್ನಾಗಿಯೇ ನಡೆಯುತ್ತಿದೆ. ಕೊನೆಯ ಸಾಲು ಮಾತ್ರ ತೆಗೆದರೆ ಸಾಲದೇ?

ತಜ್ಞೆ: ಸಾಲದು. ಪೂರ್ತಿ ತೆಗೆಯಿರಿ. ಬೆಳಿಗ್ಗೆ ನಿಮಗೆ ಒಂದು ಸಾಲು ಬೇಡವೆಂದು ಬರೆದೆ, ನೀವು ನಲವತ್ತನ್ನೂ ಇಟ್ಟುಕೊಂಡು ಕುಳಿತಿದ್ದೀರಿ.

ಬೆಟ್ಟದ ನೆಲ್ಲಿ: ಇಮ್ಯಾಕ್ಸ್ ವೇಗವಾಗಲು ಕಸ ಸಂಗ್ರಹದ (ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವ ಕೆಲಸದ) ಮಿತಿಯನ್ನು ಅತಿ ದೊಡ್ಡದಾಗಿ ಇಡಬೇಕು ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲಿ ಎಂದು ಹಾಕುತ್ತಿದ್ದೇನೆ.

ತಜ್ಞೆ: ದಯವಿಟ್ಟು ಹಾಕಬೇಡಿ. ಆರಂಭದಲ್ಲಿ ಮಿತಿ ಏರಿಸಿ ಆಮೇಲೆ ಇಳಿಸಿದರೆ ಪ್ರಯೋಜನವಿದೆ. ಇಳಿಸುವ ಸಾಲು ನಿಮ್ಮ ಸಂದೇಶದಲ್ಲಿ ಇಲ್ಲ. ಮಿತಿ ಹಾಗೆಯೇ ಉಳಿದರೆ ಮೆಮೊರಿ ತುಂಬುತ್ತಾ ಹೋಗಿ, ಕಡೆಗೊಮ್ಮೆ ಸಂಗ್ರಹ ನಡೆಯುವಾಗ ಇಮ್ಯಾಕ್ಸ್ ಸ್ತಬ್ಧವಾಗುತ್ತದೆ. ಫಾರ್ವರ್ಡ್ ಆಗುವ ಪ್ರತಿ ಸಂದೇಶದಲ್ಲಿ ಹೀಗೆ ಅರ್ಧ ಕಳೆದುಹೋಗಿರುತ್ತದೆ.

ಹಳೆಯ ಕಡತ: ನಾನು ಹೇಳಿದ್ದೂ ಅದೇ. ಇಪ್ಪತ್ತು ವರ್ಷದಿಂದ ಒಂದೂ ಪ್ಯಾಕೇಜ್ ಇಲ್ಲದೆ ಬಳಸುತ್ತಿದ್ದೇನೆ.

ಒಂಟಿ ಆವರಣ: ಗ್ನೂ ಎಲ್ಪಾ ಸಾಕು ಎಂದವರು ನೀವೇ. ಈಗ ಒಂದೂ ಇಲ್ಲ ಎನ್ನುತ್ತೀರಿ. ಹೊಸಬರಿಗೆ ನೆರವಾಗುವ ಮಾತು ನಿಮ್ಮ ಬಾಯಿಂದ ಇನ್ನೂ ಬಂದಿಲ್ಲ.

ಹಳೆಯ ಕಡತ: ಡೂಮ್ ಹಾಕಿಕೊಂಡು, ಒಳಗೆ ಏನಿದೆ ಎಂದೇ ತಿಳಿಯದವರು ನನಗೆ ಪಾಠ ಹೇಳುವುದು ಬೇಡ.

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ಇನ್ನೊಂದು ಸಾಲು ಬಂದರೆ ಅಳಿಸುತ್ತೇನೆ.

ಮೂರನೇ ಬೆಂಚು: ಮೇಡಂ, ಪಟ್ಟಿಯಲ್ಲಿ ಒಂದೇ ಕೆಲಸಕ್ಕೆ ಎಂಟು ಪ್ಯಾಕೇಜುಗಳಿವೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ತಜ್ಞೆ: ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಎಷ್ಟು ಜನ ಇಳಿಸಿಕೊಂಡಿದ್ದಾರೆ ಎಂಬುದನ್ನು ನಾನು ಕೊನೆಗೆ ನೋಡುತ್ತೇನೆ. ಮೊದಲು ಮೂಲ ಪುಟಕ್ಕೆ ಹೋಗಿ ಬಳಕೆದಾರರ ದೂರುಗಳನ್ನು ಓದುತ್ತೇನೆ. ದೂರು ಇರುವುದು ತಪ್ಪಲ್ಲ. ಅದಕ್ಕೆ ಲೇಖಕರು ಹೇಗೆ ಉತ್ತರಿಸಿದ್ದಾರೆ ಎಂಬುದರಲ್ಲಿ ಪ್ಯಾಕೇಜಿನ ಆಯುಸ್ಸು ತಿಳಿಯುತ್ತದೆ. ಎರಡು ವರ್ಷ ಬದಲಾವಣೆ ಇಲ್ಲದ ಸಣ್ಣ ಪ್ಯಾಕೇಜ್ ಮುಗಿದ ಕೆಲಸವಾಗಿರಬಹುದು, ಸತ್ತದ್ದು ಎಂದು ತಳ್ಳಬೇಡಿ. ಒಂದು ಸಣ್ಣ ಅನುಕೂಲಕ್ಕೆ ಹತ್ತು ಪ್ಯಾಕೇಜುಗಳನ್ನು ಎಳೆದು ತರುವಂಥದ್ದನ್ನು ಬಿಡಿ. ಆಮೇಲೆ ಕೋಡ್ ತೆರೆಯಿರಿ. ಮುನ್ನೂರು ಸಾಲಿನದ್ದಾದರೆ ಪೂರ್ತಿ ಓದಬಹುದು. ಕಡತದ ಮೇಲ್ಭಾಗದ ವಿವರಣೆಯಲ್ಲಿ ಲೇಖಕರ ಶ್ರದ್ಧೆ ಕಾಣುತ್ತದೆ.

ಪರೀಕ್ಷೆಗೆ ಬೇರೆಯದೇ ಫೋಲ್ಡರ್ ಮಾಡಿ. 29ರಿಂದ ಇನಿಟ್-ಡೈರೆಕ್ಟರಿ ಎಂಬ ಆಯ್ಕೆ ಇದೆ. ಅದರಿಂದ ನಿಮ್ಮ ಸೆಟ್ಟಿಂಗನ್ನು ಮುಟ್ಟದೆ ಹೊಸದನ್ನು ನೋಡಬಹುದು. ಅದು ಸೆಟ್ಟಿಂಗನ್ನು ಮಾತ್ರ ಬೇರೆಯಾಗಿಡುತ್ತದೆ, ಕೆಟ್ಟ ಕೋಡಿನಿಂದ ಕಾಪಾಡುವುದಿಲ್ಲ.

ಓದಲು ಬೇಕಾದ್ದೂ ಒಳಗೇ ಇದೆ. ಕಂಟ್ರೋಲ್-ಎಚ್ ನಂತರ ಐ ಒತ್ತಿದರೆ ಕೈಪಿಡಿಗಳು. ಪ್ಯಾಕೇಜುಗಳನ್ನು ಬರೆಯುವ ಇಮ್ಯಾಕ್ಸ್ ಲಿಸ್ಪ್ ಭಾಷೆಯನ್ನು ಮೊದಲಿಂದ ಕಲಿಸುವ, ಪ್ರೋಗ್ರಾಮರ್ ಅಲ್ಲದವರಿಗಾಗಿಯೇ ಬರೆದ ಪರಿಚಯ ಪುಸ್ತಕ ಅಲ್ಲಿದೆ. ಹೊಸ ಪ್ಯಾಕೇಜುಗಳ ಸುದ್ದಿಗೆ ಸಾಶಾ ಚುವಾ ಅವರ ವಾರದ ಇಮ್ಯಾಕ್ಸ್ ನ್ಯೂಸ್ ನೋಡಿ. ಇಮ್ಯಾಕ್ಸ್‌ವಿಕಿ ಓದಿ ತಿಳಿಯಲು ಒಳ್ಳೆಯದು, ಕೋಡ್ ನಕಲಿಸಲು ಅಲ್ಲ. ಅಲ್ಲಿ ಯಾರು ಬೇಕಾದರೂ ಪುಟ ಬದಲಿಸಬಹುದು.

ನೀಲಿ ಶಾಯಿ: ಸಹಿ ವಿಫಲ ಎಂದು ಈಗಲೂ ಬರುತ್ತಿದೆ. ನಿಲ್ ಎಂದು ಬರೆದರೆ ಸರಿಹೋಗುತ್ತದಂತೆ?

ತಜ್ಞೆ: ಇಲ್ಲ. ಮೇಲೆ ಎರಡು ಸಲ ಬರೆದಿದ್ದೇನೆ. ಓದಿದ ಮೇಲೆ ಕೇಳಿ.

ಸಂಜೆಗಣಕ: ಮಿಂಚಂಚೆಯ ಪ್ರಶ್ನೆ ಉಳಿದಿದೆ ಮೇಡಂ.

ಬೆಟ್ಟದ ನೆಲ್ಲಿ: ಒಳ್ಳೆಯ ಉದ್ದೇಶದಿಂದ ಹಾಕಿದ್ದಕ್ಕೆ ಎಲ್ಲರ ಮುಂದೆ ಹೀಗೆ ಹೇಳಬೇಕಿತ್ತೇ?

ಮಂಜಿನ ಹನಿ: ಮೇಡಂ, ಸಾಲುಗಳನ್ನು ತೆಗೆದೆ, ಹೊಸ ಆವೃತ್ತಿ ಹಾಕಿದೆ, ಪಾಸ್‌ವರ್ಡ್ ಮತ್ತು ಕೀಲಿಗಳನ್ನು ಬದಲಿಸಿದೆ. ಶೆಲ್ ಕಡತಗಳಲ್ಲಿ ಹೊಸ ಸಾಲೇನೂ ಕಾಣಲಿಲ್ಲ. ಆರ್ಗ್ ತೆರೆಯುತ್ತಿದೆ, ಟಿಪ್ಪಣಿಗಳೆಲ್ಲ ಇವೆ. ಈ ಸೆಟ್ಟಿಂಗ್ ಕಳಿಸಿದ ಹಿರಿಯರು ನಮ್ಮ ವಿಭಾಗದವರೆಲ್ಲರಿಗೂ ಕಳಿಸಿದ್ದಾರೆ. ಅವರಿಗೆ ಹೇಗೆ ಹೇಳುವುದು?

ತಜ್ಞೆ: ಇವತ್ತೇ ಹೇಳಿ. ಅವರಿಗೂ ಅದು ಬೇರೆಲ್ಲಿಂದಲೋ ಬಂದಿರುತ್ತದೆ, ಅವರ ಗಣಕದಲ್ಲೂ ಅದೇ ನಾಲ್ಕು ಸಾಲು ಓಡುತ್ತಿರುತ್ತದೆ. ಮೊದಲು ಅವರೊಬ್ಬರಿಗೇ ಕರೆ ಮಾಡಿ, ಆಮೇಲೆ ವಿಭಾಗಕ್ಕೆ ಬರೆಯಿರಿ. ಬರೆಯುವಾಗ ಆ ಸಾಲುಗಳನ್ನು ಅಂಟಿಸಬೇಡಿ, ವಿಳಾಸವನ್ನು ಪೂರ್ತಿ ಕೊಡಬೇಡಿ. ಎಚ್ಚರಿಕೆಯನ್ನು ಬಿಟ್ಟು ಸಾಲುಗಳನ್ನಷ್ಟೇ ನಕಲಿಸಿಕೊಳ್ಳುವವರು ಇರುತ್ತಾರೆ. ಇಲ್ಲಿ ಹಾಕಿದ ಚಿತ್ರವನ್ನೂ ಈಗ ಅಳಿಸಿಬಿಡಿ.

ಮಂಜಿನ ಹನಿ: ಅಳಿಸಿದೆ. ಕರೆ ಮಾಡುತ್ತಿದ್ದೇನೆ.