ಸಹಾಯ ಬೇಕು: ರ‍್ಯಾಂಕಿಂಗ್ ನಂಬಿ ಕಾಲೇಜು ಆರಿಸಬಹುದಾ?

ಎಲ್ಲರಿಗೂ ನಮಸ್ಕಾರ. ಮಗಳು ಸಿಇಟಿ ಬರೆದಿದ್ದಾಳೆ, ಕಂಪ್ಯೂಟರ್ ಸೈನ್ಸ್ ಬೇಕಂತೆ. ಸೀಟು ಹಂಚುವ ಕೆಇಎ ಆಪ್ಷನ್ ಎಂಟ್ರಿಗೆ (ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವುದು) ನಾಲ್ಕು ಕಾಲೇಜು ಗುರುತು ಹಾಕಿಕೊಂಡಿದ್ದೇವೆ. ನಮ್ಮ ಭಾವ ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್ ಪಟ್ಟಿ ಕಳಿಸಿ, ಮೇಲಿರುವುದನ್ನೇ ಮೊದಲು ಹಾಕಿ ಅಂತ ಪಟ್ಟು ಹಿಡಿದಿದ್ದಾರೆ.

ನನಗ್ಯಾಕೋ ಅನುಮಾನ. ಅದರಲ್ಲಿ 100ಕ್ಕೆ 30 ಅಂಕ ಸಂಶೋಧನೆಗೇ ಹೋಗುತ್ತೆ, ಇನ್ನು 10 ಬರೀ ಹೊರಗಿನವರ ಅಭಿಪ್ರಾಯಕ್ಕೆ. ಮೇಷ್ಟ್ರು ಎಷ್ಟು ಜನ, ಕೆಲಸ ಸಿಕ್ಕವರು ಎಷ್ಟು ಅನ್ನುವ ಲೆಕ್ಕ ಕಾಲೇಜಿನವರೇ ತುಂಬಿ ಕೊಡುವುದು. ಮೇಷ್ಟ್ರು ಸಂಶೋಧನಾ ಪೇಪರ್ ಬರೆದರೆ ಸಂತೋಷ, ಆದರೆ ಬಿಇ ಮೊದಲ ವರ್ಷದ ಹುಡುಗಿಗೆ ಕ್ಲಾಸಿಗೆ ಬಂದು ಪಾಠ ಮಾಡುವವರು ಬೇಕು ಅಲ್ವಾ?

ಹೋದ ವಾರ ಪಟ್ಟಿಯಲ್ಲಿ ಮೇಲಿರುವ ಒಂದು ಕಾಲೇಜು ನೋಡಿ ಬಂದೆವು. ಬಾಗಿಲಲ್ಲೇ ರ‍್ಯಾಂಕಿನ ದೊಡ್ಡ ಬ್ಯಾನರ್, ಒಳಗೆ ಲ್ಯಾಬಿನಲ್ಲಿ ಅರ್ಧ ಕಂಪ್ಯೂಟರ್‌ಗಳಿಗೆ ಬಟ್ಟೆ ಹೊದಿಸಿ ಧೂಳು ಕೂತಿತ್ತು. ಕೇಳಿದರೆ 'ರಿಪೇರಿಗೆ ಹೇಳಿದ್ದೇವೆ ಸರ್' ಅಂದರು.

ಈಗ ಓದುತ್ತಿರುವವರು, ಮಕ್ಕಳನ್ನು ಸೇರಿಸಿರುವವರು ದಯವಿಟ್ಟು ಹೇಳಿ, ನೀವು ಏನು ನೋಡಿ ತೀರ್ಮಾನ ಮಾಡಿದಿರಿ? ಪ್ಲೇಸ್‌ಮೆಂಟಿನಲ್ಲಿ ಒಬ್ಬನಿಗೆ ಸಿಕ್ಕ ದೊಡ್ಡ ಸಂಬಳ ಬಿಟ್ಟು, ಮಧ್ಯದಲ್ಲಿರುವವರ ಸಂಬಳ ಕೇಳುವುದು ಹೇಗೆ? ಹಾಸ್ಟೆಲ್ ಊಟದ ಬಗ್ಗೆಯೂ ಹೇಳಿ, ಅವಳಮ್ಮನಿಗೆ ಅದೇ ಚಿಂತೆ.