ಪದಚರ್ಚೆ: ಕನ್ನಡ ಬೈಬಲಿನ ‘ನೀತಿ’ ಯಾವ ನೀತಿ?

ಪ್ರಶ್ನೆ ಇದು. ‘ನೀತಿವಂತನು ನಂಬಿಕೆಯಿಂದಲೇ ಬದುಕುವನು’ ಎಂಬ ಮಾತು ಕನ್ನಡ ಬೈಬಲಿನಲ್ಲಿ ಬರುತ್ತದೆ. ನೀತಿವಂತ ಅಂದರೆ ಒಳ್ಳೆಯ ನಡತೆಯವನು. ಹಾಗಿದ್ದಮೇಲೆ ಅವನು ನಡತೆಯಿಂದ ಬದುಕಬೇಕು, ಅಲ್ವಾ? ನಂಬಿಕೆ ಎಲ್ಲಿಂದ ಬಂತು? ಇದಕ್ಕೆ ‘ಹೊರಗಿನ ಆಚರಣೆ ಬೇಡ, ಅಂತರಂಗ ಶುದ್ಧಿ ಸಾಕು ಅಂತ ಅರ್ಥ’ ಎಂದು ಹೇಳಿ ಮುಗಿಸುವವರೇ ಜಾಸ್ತಿ. ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ದಾರಿ ತಪ್ಪಿಸುತ್ತದೆ.

ನಮ್ಮ ದಿನಬಳಕೆಯ ‘ನೀತಿ’ಗೆ ಎರಡು ಮುಖ. ನೀತಿಕಥೆ, ನೀತಿಪಾಠ, ನೀತಿಗೆಟ್ಟವನು ಅನ್ನುವಾಗ ನಡತೆ. ಕೈಗಾರಿಕಾ ನೀತಿ, ಶಿಕ್ಷಣ ನೀತಿ ಅನ್ನುವಾಗ ಸರ್ಕಾರ ಹಿಡಿಯುವ ದಾರಿ. ಸಂಸ್ಕೃತದ ‘ನೀ’ ಧಾತುವಿಗೇ ಒಯ್ಯು, ನಡೆಸು ಅಂತ ಅರ್ಥ. ಹಾಗಾಗಿ ಎರಡೂ ಕಡೆ ‘ಹೇಗೆ ನಡೆಯಬೇಕು’ ಅನ್ನುವುದೇ ಮುಖ್ಯ. ಬೈಬಲಿನ ಕನ್ನಡದಲ್ಲಿ ಇದೇ ಪದದ ಮೇಲೆ ಬೇರೆಯದೇ ಒಂದು ಹೊರೆ ಬಿದ್ದಿದೆ. ಬೈಬಲಿನ ಮೂಲದಲ್ಲಿರುವ ಗ್ರೀಕಿನ ‘ದಿಕಾಯೊಸುನೆ’, ಅದರ ಹಿಂದೆ ನಿಂತಿರುವ ಹೀಬ್ರೂವಿನ ‘ತ್ಸೆದಾಕಾ’, ಎರಡನ್ನೂ ಅದು ಹೊರಬೇಕು. ಇವೆರಡರಲ್ಲೂ ನಡತೆಯ ಅರ್ಥ ಇದೆ, ಇಲ್ಲ ಅಂತಲ್ಲ. ಆದರೆ ಯೇಸುವಿನ ಸಂದೇಶ ಸಾರಿದ ಅಪೊಸ್ತಲ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಈ ಪದವನ್ನು ಎಳೆದು ತಂದಿರುವುದು ನ್ಯಾಯಾಲಯಕ್ಕೆ.

ಇದು ಸ್ಪಷ್ಟವಾಗಬೇಕಾದರೆ ಹೀಬ್ರೂ ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದ ಮೊದಲ ವಾಕ್ಯ ನೋಡಿ. ಇಬ್ಬರಿಗೆ ವ್ಯಾಜ್ಯ ಬಂದು ನ್ಯಾಯಸ್ಥಾನಕ್ಕೆ ಹೋದರೆ, ನ್ಯಾಯಾಧಿಪತಿಗಳು ಒಬ್ಬನದು ಸರಿ ಅನ್ನಬೇಕು, ತಪ್ಪು ಮಾಡಿದವನದು ತಪ್ಪು ಅನ್ನಬೇಕು. ‘ಸರಿ ಅನ್ನು’ ಎಂಬಲ್ಲಿ ಹೀಬ್ರೂ ಬಳಸುವುದು ತ್ಸೆದಾಕಾದ ಧಾತುವಿನದೇ ಕ್ರಿಯಾಪದ. ನ್ಯಾಯಾಧೀಶ ಯಾರನ್ನೂ ಒಳ್ಳೆಯವನನ್ನಾಗಿ ಮಾಡುವುದಿಲ್ಲ. ತೀರ್ಪು ಹೇಳುತ್ತಾನೆ, ಅಷ್ಟೆ. ತೀರ್ಪಿನ ನಂತರ ಆ ಮನುಷ್ಯ ಊರಲ್ಲಿ ತಲೆಯೆತ್ತಿ ನಿಲ್ಲಬಹುದು. ಆ ನಿಲುವಿಗೆ ಕನ್ನಡ ಬೈಬಲಿನಲ್ಲಿ ‘ನೀತಿ’ ಅಂತ ಹೆಸರು.

ಇದನ್ನು ಹಳೆಯ ಅನುವಾದಕರು ಚೆನ್ನಾಗಿ ಬಲ್ಲವರು. ಅದಕ್ಕೇ ಅವರು ‘ನೀತಿವಂತನಾಗುವನು’ ಅಂತ ಬರೆದು ಬಿಡಲಿಲ್ಲ, ‘ನೀತಿವಂತನೆಂದು ನಿರ್ಣಯಿಸಲ್ಪಡುವನು’ ಅಂತ ಬರೆದರು. ಈ ‘ಸಲ್ಪಡು’ ಕಂಡರೆ ನಮಗೆಲ್ಲ ಮೈ ಉರಿಯುತ್ತದೆ. ಕನ್ನಡದ ಜಾಯಮಾನಕ್ಕೆ ಒಗ್ಗದ ಪ್ರಯೋಗ ಅಂತ ಎಷ್ಟು ಸಲ ಬೈದಿದ್ದೇವೋ. ಬೇರೆ ಕಡೆ ಬೈಯಿರಿ, ಇಲ್ಲಿ ಮಾತ್ರ ಅದಕ್ಕೆ ಕೆಲಸವಿದೆ. ತೀರ್ಪು ಕೊಡುವವನು ಬೇರೆ, ಪಡೆಯುವವನು ಬೇರೆ. ಪಡೆಯುವವನ ಕೈಯಲ್ಲಿ ಮಾಡುವುದಕ್ಕೆ ಏನೂ ಇಲ್ಲ. ಇಡೀ ವಾದ ನಿಂತಿರುವುದೇ ಆ ಕೈಲಾಗದ ಸ್ಥಿತಿಯ ಮೇಲೆ.

‘ಹಾಗಾದರೆ ನಿರ್ದೋಷಿ, ಖುಲಾಸೆ ಅಂತ ಬಳಸಬಹುದಲ್ಲ’ ಅಂತ ಕೇಳಬಹುದು. ಸಾಲದು. ಖುಲಾಸೆಯಾದವನ ಮೇಲಿನ ಆರೋಪ ಹೋಗುತ್ತದೆ, ಅವನ ಹೆಸರಿಗೆ ಏನೂ ಬರುವುದಿಲ್ಲ. ಪೌಲನಿಗೆ ಬರುವುದೂ ಮುಖ್ಯ. ಅದಕ್ಕೇ ಅದೇ ಪತ್ರದ 4ನೇ ಅಧ್ಯಾಯದಲ್ಲಿ ಅವನು ನ್ಯಾಯಾಲಯ ಬಿಟ್ಟು ಲೆಕ್ಕದ ಪುಸ್ತಕ ತೆಗೆಯುತ್ತಾನೆ. ಅಲ್ಲಿನ ಗ್ರೀಕ್ ಕ್ರಿಯಾಪದ ‘ಲೊಗಿಜೊಮಾಯ್’ ಅಂದರೆ ಲೆಕ್ಕಕ್ಕೆ ಹಿಡಿ, ಎಣಿಸು. ಈ ಒಂದೇ ಅಧ್ಯಾಯದಲ್ಲಿ ಆ ಕ್ರಿಯಾಪದ 11 ಸಲ ಬರುತ್ತದೆ. ದುಡಿದವನಿಗೆ ಕೊಡುವುದು ಕೂಲಿ, ಅದು ಸಲ್ಲಬೇಕಾದ ಬಾಕಿ. ದುಡಿಯದೆ ನಂಬಿದವನ ಖಾತೆಗೆ ಬೀಳುವುದು ಕೃಪೆ. ಯೆಹೂದ್ಯರ ಮೂಲಪುರುಷ ಅಬ್ರಹಾಮನ ನಂಬಿಕೆ ಅವನ ಲೆಕ್ಕದಲ್ಲಿ ನೀತಿ ಅಂತ ಜಮಾ ಆಯಿತು ಎನ್ನುವುದು ಇದೇ ಅರ್ಥದಲ್ಲಿ.

ಅದು ಯಾವಾಗ ಜಮಾ ಆಯಿತು ಅಂತ ಪೌಲ ಕೇಳುವ ಪ್ರಶ್ನೆ ಬಹಳ ಚುರುಕಾಗಿದೆ. ಅಬ್ರಹಾಮ ನಂಬಿದ್ದು ಆದಿಕಾಂಡದ 15ನೇ ಅಧ್ಯಾಯದಲ್ಲಿ. ಸುನ್ನತಿ ಮಾಡಿಸಿಕೊಂಡಿದ್ದು 17ರಲ್ಲಿ, 99ನೇ ವಯಸ್ಸಿನಲ್ಲಿ. ಅಂದರೆ ತೀರ್ಪು ಮೊದಲು, ಆಚರಣೆ ಆಮೇಲೆ. ಸುನ್ನತಿ ಬರೀ ಮುದ್ರೆ, ಆಗಿರುವ ತೀರ್ಪಿನ ಮೇಲೆ ಒತ್ತಿದ ಠಸ್ಸೆ. ಆಚರಣೆ ಸುಳ್ಳು ಅಂತ ಪೌಲ ಹೇಳುತ್ತಿಲ್ಲ, ಸಾಲಿನಲ್ಲಿ ಅದು ಎರಡನೆಯದು ಅನ್ನುತ್ತಿದ್ದಾನೆ. (ಅಂದಹಾಗೆ ‘ಸುನ್ನತಿ’ ಪದದ ಪಯಣ ನೋಡಿ. ಅರಬ್ಬಿಯಿಂದ ಹೊರಟು ಮುಸಲ್ಮಾನರ ಮಾತಿನ ಮೂಲಕ ಕನ್ನಡಕ್ಕೆ ಬಂದು, ಯೆಹೂದ್ಯರ ಆಚರಣೆಯ ಹೆಸರಾಗಿ ಕ್ರೈಸ್ತರ ಗ್ರಂಥದಲ್ಲಿ ಕೂತಿದೆ!)

ಈಗ ‘ನೇಮನಿಷ್ಠೆ’. 3ನೇ ಅಧ್ಯಾಯದಲ್ಲಿ ಪೌಲ ಹೇಳುವ ‘ಧರ್ಮಶಾಸ್ತ್ರದ ಕ್ರಿಯೆಗಳು’ ಎಂಬುದಕ್ಕೆ ಹಳೆಯ ಕನ್ನಡ ಅನುವಾದದಲ್ಲಿರುವ ಪದ ಇದು. ಓದುವವನಿಗೆ ಮಡಿ, ಉಪವಾಸ, ಪೂಜೆ ಎಲ್ಲ ಕಣ್ಮುಂದೆ ಬರುತ್ತದೆ. ತುಳುನಾಡಿನವರಿಗಂತೂ ನೇಮ ಅಂದರೆ ಭೂತದ ನೇಮವೇ. ಮೂಲದಲ್ಲಿರುವುದು ಸುನ್ನತಿ, ಆಹಾರದ ಕಟ್ಟಳೆ, ಸಬ್ಬತ್ತು ಎಂಬ ವಾರದ ವಿಶ್ರಾಂತಿ ದಿನ ಇವನ್ನೆಲ್ಲ ಒಳಗೊಂಡ ಮೋಶೆಯ ಧರ್ಮಶಾಸ್ತ್ರ. ಅದರಲ್ಲಿ ‘ಕದಿಯಬಾರದು’ ಕೂಡ ಇದೆ. ಬರೀ ಆಚಾರ ಅಂತ ತಿಳಿದರೆ ಪೌಲನ ಮಾತಿನ ಅರ್ಧ ಹೋಯಿತು. ಯೆಹೂದ್ಯರೆಲ್ಲ ಪುಣ್ಯದ ಲೆಕ್ಕ ಹಾಕುತ್ತ ಕೂತಿದ್ದರು ಅನ್ನುವ ಹಳೆಯ ಚಿತ್ರವೂ ಸರಿಯಲ್ಲ ಅಂತ 1977ರಲ್ಲಿ ವಿದ್ವಾಂಸ ಇ. ಪಿ. ಸ್ಯಾಂಡರ್ಸ್ ವಾದಿಸಿದರು. ಅಲ್ಲಿಂದ ಶುರುವಾದ ಜಗಳ ಇನ್ನೂ ಮುಗಿದಿಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ‘ನೇಮನಿಷ್ಠೆ’ ಎಂಬ ಜೋಡಿಪದದ ಎರಡನೇ ಭಾಗ, ‘ನಿಷ್ಠೆ’. ನಂಬಿಕೆಗೆ ಗ್ರೀಕಿನಲ್ಲಿ ‘ಪಿಸ್ತಿಸ್’. ಅದಕ್ಕೆ ನಂಬಿಕೆ, ಭರವಸೆ, ಜೊತೆಗೆ ನಿಷ್ಠೆ ಅಂತಲೂ ಅರ್ಥವಿದೆ. ‘ನೀತಿವಂತನು ನಂಬಿಕೆಯಿಂದಲೇ’ ಎಂಬ ಮಾತನ್ನು ಪೌಲ ಎತ್ತಿಕೊಂಡಿದ್ದು ಹೀಬ್ರೂ ಪ್ರವಾದಿ ಹಬಕ್ಕೂಕನಿಂದ. ಅಲ್ಲಿ ಹೀಬ್ರೂ ಪದ ‘ಎಮುನಾ’. ಅಲುಗಾಡದೆ ನಿಲ್ಲುವುದು, ಅಂದರೆ ನಿಷ್ಠೆಗೇ ಹತ್ತಿರ. ಹೀಗಿರುವಾಗ ನಂಬಿಕೆಯ ಎದುರಾಳಿ ಪದದೊಳಗೇ ‘ನಿಷ್ಠೆ’ ಬಂದು ಕೂತಿದೆ! ಸುಮ್ನೆ ‘ಧರ್ಮಶಾಸ್ತ್ರದ ಕ್ರಿಯೆಗಳು’ ಅಂತ ಇಟ್ಟಿದ್ದರೆ ಓದು ಒರಟಾಗುತ್ತಿತ್ತು, ಈ ಗೊಂದಲ ಇರುತ್ತಿರಲಿಲ್ಲ.

ಇನ್ನು ಅಂತರಂಗ ಶುದ್ಧಿಯ ವಿಷಯ. ನಮಗೆ ಇದು ವಚನಗಳಿಂದ ಬಂದ ಮಾತು. ಅಲ್ಲಿ ಅಂತರಂಗ ಶುದ್ಧಿಗೆ ದಾರಿ ಯಾವುದು? ಕಳಬಾರದು, ಕೊಲ್ಲಬಾರದು, ಸುಳ್ಳಾಡಬಾರದು. ಅಂದರೆ ನಡತೆ. ಡಾಂಭಿಕ ಆಚರಣೆಯ ಎದುರು ನೇರವಾದ ಬದುಕು. ಪೌಲನೂ 2ನೇ ಅಧ್ಯಾಯದಲ್ಲಿ ಅದಕ್ಕೆ ಹತ್ತಿರದ ಮಾತಾಡುತ್ತಾನೆ. ಹೊರಗೆ ಮಾತ್ರ ಯೆಹೂದ್ಯನಾದವನು ಯೆಹೂದ್ಯನಲ್ಲ, ನಿಜವಾದ ಸುನ್ನತಿ ಹೃದಯದ್ದು ಅನ್ನುತ್ತಾನೆ. ಇದೂ ಹೊಸದಲ್ಲ, ಧರ್ಮೋಪದೇಶಕಾಂಡದಲ್ಲೂ ಪ್ರವಾದಿ ಯೆರೆಮೀಯನಲ್ಲೂ ಇದೆ. ಧರ್ಮೋಪದೇಶಕಾಂಡದ 10ನೇ ಅಧ್ಯಾಯದಲ್ಲಿ ‘ನೀವು ನಿಮ್ಮ ಹೃದಯಕ್ಕೆ ಸುನ್ನತಿ ಮಾಡಿಕೊಳ್ಳಿ’ ಎಂಬ ಅಪ್ಪಣೆ ಇದ್ದರೆ, 30ನೇ ಅಧ್ಯಾಯದಲ್ಲಿ ‘ದೇವರೇ ಮಾಡುವನು’ ಎಂಬ ಮಾತು. ಪೌಲ ಹಿಡಿದಿದ್ದು ಎರಡನೆಯದನ್ನು. ಒಳಗು ಶುದ್ಧವಾಯಿತು, ಆದ್ದರಿಂದ ತೀರ್ಪು ಒಳ್ಳೆಯದಾಯಿತು ಅಂತ ಅವನು ಎಲ್ಲೂ ಹೇಳುವುದಿಲ್ಲ. ದೇವರು ಭಕ್ತಿಹೀನನನ್ನು ನೀತಿವಂತನೆಂದು ನಿರ್ಣಯಿಸುತ್ತಾನೆ ಅನ್ನುತ್ತಾನೆ. ಯಾವ ನ್ಯಾಯಾಧೀಶನೂ ಮಾಡಬಾರದ ಕೆಲಸ ಅದು! ಶುದ್ಧಿ ಆಮೇಲಿನ ಮಾತು.

ಪ್ರಾಟೆಸ್ಟೆಂಟ್ ಪಂಥಕ್ಕೆ ದಾರಿ ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ ತಡಕಾಡಿದ್ದೂ ಇಲ್ಲೇ. ಅವನು ಓದಿದ ಲ್ಯಾಟಿನ್ ಬೈಬಲಿನಲ್ಲಿದ್ದ ಪದ ‘ಯುಸ್ತಿಫಿಕಾರೆ’. ಅದನ್ನು ಬಿಡಿಸಿದರೆ ‘ನೀತಿವಂತನನ್ನಾಗಿ ಮಾಡು’. ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನನ ಕಾಲದಿಂದ ಪಶ್ಚಿಮದ ಕ್ರೈಸ್ತ ಸಭೆ ಹಾಗೇ ಓದಿಕೊಂಡು ಬಂದಿತ್ತು. ‘ದೇವರ ನೀತಿ’ ಅನ್ನುವ ಮಾತನ್ನೇ ತಾನು ದ್ವೇಷಿಸುತ್ತಿದ್ದೆ, ಅದು ದೇವರು ದಂಡಿಸುವ ನೀತಿಯಲ್ಲ, ಕೊಡುವ ನೀತಿ ಅಂತ ಹೊಳೆದಾಗ ಬಾಗಿಲು ತೆರೆದಂತಾಯಿತು ಅಂತ 1545ರಲ್ಲಿ ಬರೆದುಕೊಂಡಿದ್ದಾನೆ. ಆ ನೀತಿ ನಮ್ಮ ಒಳಗಿನದಲ್ಲ, ನಮ್ಮ ಹೊರಗಿನದು, ಕ್ರಿಸ್ತನದು ಅನ್ನುವುದು ಅವನ ಪಟ್ಟು. ಒಳಗು-ಹೊರಗು ಅಂತ ಸರಳವಾಗಿ ಎರಡು ಮಾಡುವವರು ಇಲ್ಲಿ ಸಿಕ್ಕಿಬೀಳುತ್ತಾರೆ.

1522ರ ಜರ್ಮನ್ ಅನುವಾದದಲ್ಲಿ ಅವನು ‘ನಂಬಿಕೆಯಿಂದ’ ಎಂಬಲ್ಲಿ ಗ್ರೀಕಿನಲ್ಲಿಲ್ಲದ ‘ಮಾತ್ರ’ ಸೇರಿಸಿದ. ದೊಡ್ಡ ಗಲಾಟೆಯಾಯಿತು. 1530ರಲ್ಲಿ ಅವನು ಕೊಟ್ಟ ಉತ್ತರ ಪಕ್ಕಾ ಭಾಷೆಯವನ ಉತ್ತರ. ರೈತ ಬರೀ ಕಾಳು ತಂದ, ದುಡ್ಡು ತರಲಿಲ್ಲ ಅಂತ ಜರ್ಮನ್ನರು ಮಾತಾಡುವುದೇ ಹೀಗೆ. ಒಂದನ್ನು ಹೌದು, ಇನ್ನೊಂದನ್ನು ಇಲ್ಲ ಅನ್ನುವಾಗ ‘ಬರೀ’ ತಾನಾಗಿ ಬರುತ್ತದೆ ಅಂದ. ಕನ್ನಡಿಗನಿಗೆ ಈ ಜಗಳವೇ ಬೇಕಿಲ್ಲ. ನಮ್ಮ ‘ನಂಬಿಕೆಯಿಂದಲೇ’ಯ ಕೊನೆಯ ‘ಏ’ ಆ ಕೆಲಸವನ್ನೆಲ್ಲ ಸದ್ದಿಲ್ಲದೆ ಮಾಡಿಬಿಡುತ್ತದೆ. ಹೊಸ ಒಡಂಬಡಿಕೆಯಲ್ಲಿ ‘ನಂಬಿಕೆಯಿಂದ ಮಾತ್ರ’ ಎಂದು ಬರುವುದು ಯಾಕೋಬನ ಪತ್ರದಲ್ಲಿ ಮಾತ್ರ. ಅದೂ ‘ನಂಬಿಕೆಯಿಂದ ಮಾತ್ರವಲ್ಲ’ ಅಂತ! ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುತ್ತಾನೆ ಅವನು.

ಕೆಥೊಲಿಕರೂ ಬಳಸುವ ಹೊಸ ಕನ್ನಡ ಅನುವಾದ ‘ನೀತಿ’ಯನ್ನು ಇಂಥ ಕಡೆ ಕೈಬಿಟ್ಟು ‘ದೇವರೊಡನೆ ಸತ್ಸಂಬಂಧ’ ಅಂದಿದೆ. ‘ನಂಬಿಕೆ’ಯ ಜಾಗದಲ್ಲಿ ‘ವಿಶ್ವಾಸ’. ಹೊಸ ಓದುಗನಿಗೆ ಇದು ಸಲೀಸು, ಮೊದಲ ಓದಿಗೇ ತಿಳಿಯುತ್ತದೆ. ತ್ಸೆದಾಕಾದಲ್ಲಿ ಸಂಬಂಧದ ಅರ್ಥ ಇರುವುದೂ ನಿಜ. ಆದರೆ ನ್ಯಾಯಾಲಯ ಮಾಯ, ಲೆಕ್ಕದ ಪುಸ್ತಕವೂ ಮಾಯ. ಸಂಬಂಧ ‘ಜಮಾ’ ಆಗುವುದು ಹೇಗೆ? 4ನೇ ಅಧ್ಯಾಯಕ್ಕೆ ಬಂದಾಗ ಇದು ಕಾಲಿಗೆ ತೊಡರುತ್ತದೆ. ನೀತಿವಂತನನ್ನಾಗಿ ‘ಮಾಡು’ ಮತ್ತು ನೀತಿವಂತ ‘ಎನ್ನು’ ನಡುವಿನ ಈ ಜಗಳದಲ್ಲಿ ಕೆಥೊಲಿಕರ ಟ್ರೆಂಟ್ ಮಹಾಸಭೆ 1547ರಲ್ಲಿ ‘ಮಾಡು’ ಕಡೆ ನಿಂತಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಲೂಥರನ್ನರೂ ಕೆಥೊಲಿಕರೂ ಇದೇ ವಿಷಯದಲ್ಲಿ ಒಂದು ಜಂಟಿ ಒಪ್ಪಂದಕ್ಕೆ ಸಹಿ ಹಾಕಿದರು.

ಪ್ರಶ್ನೆ ಕೇಳಿದವರಿಗೆ ನನ್ನ ಸಲಹೆ: ‘ನೀತಿವಂತ’ ಬಂದಲ್ಲೆಲ್ಲ ಮನಸ್ಸಿನಲ್ಲಿ ‘ದೇವರ ಮುಂದೆ ಸರಿ ಅನ್ನಿಸಿಕೊಂಡವನು’ ಅಂತ ಓದಿಕೊಳ್ಳಿ. ‘ಅನ್ನಿಸಿಕೊಂಡ’ ಎಂಬುದರಲ್ಲಿ ತೀರ್ಪೂ ಇದೆ, ‘ಸಲ್ಪಡು’ವಿನ ಕಾಟವೂ ಇಲ್ಲ. ತುಳು, ಕೊಂಕಣಿ ಬೈಬಲ್ ಬಲ್ಲವರು ಯಾರಾದರೂ ಇದ್ದರೆ ಒಂದು ಮಾತು ತಿಳಿಸಿ: ರೋಮಿನವರಿಗೆ ಬರೆದ ಪತ್ರದ 3ನೇ ಅಧ್ಯಾಯದ 28ನೇ ವಾಕ್ಯದಲ್ಲಿ ‘ನೇಮನಿಷ್ಠೆ’ಯ ಜಾಗಕ್ಕೆ ಅಲ್ಲಿ ಏನಿದೆ? ಮುಖ್ಯವಾಗಿ ತುಳುವಿನಲ್ಲಿ ‘ನೇಮ’ ಉಳಿದಿದೆಯೋ, ತೆಗೆದಿದ್ದಾರೋ?