ಎಸ್‌ಬಿಲ್ಡ್ ಒಳಗೆ ತಾತ್ಕಾಲಿಕ ಇಲಾಸ್ಟಿಕ್‌ಸರ್ಚ್: ಸರ್ವರ್ ಏಳುತ್ತೆ, ಟೆಸ್ಟ್ ಅರ್ಧಕ್ಕೆ ಬೀಳುತ್ತೆ

ಬೆಲ್ಲದಚ್ಚು
ತಲೆ ಕೆಟ್ಟು ಹೋಗಿದೆ. ನಮ್ಮ ನಿಘಂಟು ಹುಡುಕಾಟದ ಪೈಥಾನ್ ಲೈಬ್ರರಿಗೆ ಡೆಬಿಯನ್ ಪ್ಯಾಕೇಜ್ ಮಾಡುತ್ತಿದ್ದೇನೆ. ಬಿಲ್ಡ್ ಆಗುವಾಗಲೇ ಟೆಸ್ಟ್ ಓಡಬೇಕು, ಟೆಸ್ಟ್‌ಗೆ ಇಲಾಸ್ಟಿಕ್‌ಸರ್ಚ್ ಅನ್ನುವ ಹುಡುಕಾಟದ ಸರ್ವರ್ ಬೇಕು. ಪ್ಯಾಕೇಜಿನ ಬಿಲ್ಡ್ ಹಂತಗಳಿರುವ ರೂಲ್ಸ್ ಫೈಲಿನಿಂದ ಒಂದು ಸ್ಕ್ರಿಪ್ಟ್ ಕರೆಯುತ್ತೇನೆ. ಅದು ಸರ್ವರ್ ಎಬ್ಬಿಸಿ, ಟೆಸ್ಟ್ ಓಡಿಸಿ, ಸರ್ವರ್ ಕೊಂದು, ಡೈರೆಕ್ಟರಿ ಅಳಿಸುತ್ತದೆ. ಕೈಯಾರೆ ಓಡಿಸಿದರೆ ಎಲ್ಲ ಪಾಸ್. ಪ್ರತ್ಯೇಕ, ಖಾಲಿ ಪರಿಸರದಲ್ಲಿ ಪ್ಯಾಕೇಜ್ ಕಟ್ಟುವ ಎಸ್‌ಬಿಲ್ಡ್ ಒಳಗೆ ಮೊದಲು ಚೆನ್ನಾಗಿ ಹೋಗಿ, ಆಮೇಲೆ ಸಾಲಾಗಿ ಫೇಲ್. ಪ್ರತಿ ಸಲ ಒಂದೇ ಟೆಸ್ಟ್‌ನಿಂದ ಶುರುವಾಗುವುದೂ ಇಲ್ಲ. ಸೆಟ್ಟಿಂಗ್ ಎಲ್ಲ ಸರಿಯಾಗಿದೆ. ಯಾರಿಗಾದರೂ ಹೀಗಾಗಿದೆಯಾ?

ಕರ್ನಲ್‌ಕಾಕಾ
ವಿಎಂ ಮ್ಯಾಕ್ಸ್ ಮ್ಯಾಪ್ ಕೌಂಟ್ (ಒಂದು ಪ್ರೋಗ್ರಾಂಗೆ ಕರ್ನಲ್ ಕೊಡುವ ಮೆಮೊರಿ ಮ್ಯಾಪ್‌ಗಳ ಮಿತಿ) 262144 ಮಾಡಿ. ನೂರಕ್ಕೆ ತೊಂಬತ್ತು ಸಲ ಅದೇ.

ತೆಂಗಿನಗರಿ
ಯಾವ ವರ್ಷನ್? ಎರರ್ ಏನು? "ಫೇಲ್" ಅಂದರೆ ನಾವು ಶಾಸ್ತ್ರ ಕೇಳಬೇಕಾ?

ಬೆಲ್ಲದಚ್ಚು
7.17. ಎರರ್ ಪೈಥಾನ್ ಕಡೆಯಿಂದ ಬರುವುದು "ಟ್ರಾನ್ಸ್‌ಪೋರ್ಟ್ ಎರರ್ 429" ಅಂತ, ಅಷ್ಟೇ. ಟೆಸ್ಟ್ ರನ್ನರ್ ಉಳಿದದ್ದನ್ನು ಕತ್ತರಿಸುತ್ತದೆ. ಮ್ಯಾಪ್ ಕೌಂಟ್ ಮಾಡಿ ನೋಡಿದೆ, ವ್ಯತ್ಯಾಸ ಇಲ್ಲ.

ಜಾವಾಜಂಗಮ
429 ಅಂದರೆ ಮೆಮೊರಿ ಮೀರುವ ಕೋರಿಕೆಯನ್ನು ತಡೆಯುವ ಸರ್ಕ್ಯೂಟ್ ಬ್ರೇಕರ್, ಹೀಪ್ (ಜಾವಾಗೆ ಮೀಸಲಾದ ಮೆಮೊರಿ) ಸಾಲುತ್ತಿಲ್ಲ. 7.11ರಿಂದ ಹೀಪ್ ಗಾತ್ರವನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತದೆ, ಸುಮಾರು ಅರ್ಧ ರ‍್ಯಾಮ್ ನುಂಗುತ್ತದೆ. ಕನಿಷ್ಠ, ಗರಿಷ್ಠ ಎರಡೂ 512 ಎಂಬಿ ಅಂತ ಕೊಡಿ.

ಬೆಲ್ಲದಚ್ಚು
ಕೊಟ್ಟಿದ್ದೇನೆ, ಮೊದಲಿಂದಲೂ.

ಜಾವಾಜಂಗಮ
ಹಾಗಾದರೆ 1 ಜಿಬಿ ಕೊಡಿ.

ಬೆಲ್ಲದಚ್ಚು
ಕೊಟ್ಟೆ. ಅದೇ ಕಥೆ.

ಕರ್ನಲ್‌ಕಾಕಾ
ಮ್ಯಾಪ್ ಕೌಂಟನ್ನು ಹೋಸ್ಟ್‌ನಲ್ಲಿ ಬದಲಾಯಿಸಿದಿರಾ, ಕ್ರೂಟ್ (ಎಸ್‌ಬಿಲ್ಡ್ ಬಳಸುವ ಪ್ರತ್ಯೇಕ ಡೈರೆಕ್ಟರಿ ಮರ) ಒಳಗಾ? ಒಳಗಿನ ಸೆಟ್ಟಿಂಗ್ ಫೈಲನ್ನು ಮಾತ್ರ ತಿದ್ದಿದರೆ ಪ್ರಯೋಜನ ಇಲ್ಲ. ಸರ್ವರ್ ಏಳುವಾಗ ಮಾಡುವ ಬೂಟ್‌ಸ್ಟ್ರ್ಯಾಪ್ ಚೆಕ್ ಫೇಲ್ ಆಗಿರುತ್ತದೆ.

ತೆಂಗಿನಗರಿ
ಕಾಕಾ, ಬೂಟ್‌ಸ್ಟ್ರ್ಯಾಪ್ ಚೆಕ್ ಫೇಲ್ ಆದರೆ ಸರ್ವರ್ ಏಳುವುದೇ ಇಲ್ಲ. ಇವರದ್ದು ಎದ್ದು ಅರ್ಧ ಟೆಸ್ಟ್ ಪಾಸ್ ಮಾಡುತ್ತಿದೆ. ಲೂಪ್‌ಬ್ಯಾಕ್‌ಗೆ (ಅದೇ ಮಷಿನ್‌ನ ಒಳಗಿನ ವಿಳಾಸಕ್ಕೆ) ಮಾತ್ರ ಕೂತಿದ್ದರೆ ಆ ಚೆಕ್‌ಗಳೆಲ್ಲ ಬರೀ ಎಚ್ಚರಿಕೆ. ಸಿಂಗಲ್-ನೋಡ್ ಡಿಸ್ಕವರಿ ಹಾಕಿದ್ದರೂ ಹಾಗೆಯೇ.

ಕರ್ನಲ್‌ಕಾಕಾ
ನಾನು ಹತ್ತು ನೋಡ್ ಕ್ಲಸ್ಟರ್ ನೋಡಿಕೊಂಡವನು. ಮೊದಲು ಅದನ್ನು ಸರಿ ಮಾಡಿ, ಆಮೇಲೆ ಮಾತಾಡೋಣ.

ಪೋರ್ಟ್‌ಪುರಾಣಿಕ
ಬೇರೆ ಸಾಧ್ಯತೆ. ಮಾಮೂಲಿ ಪೋರ್ಟ್ 9200 ಖಾಲಿ ಇಲ್ಲದಿದ್ದರೆ ಇಲಾಸ್ಟಿಕ್‌ಸರ್ಚ್ ಸದ್ದಿಲ್ಲದೆ 9201ಕ್ಕೆ ಹೋಗುತ್ತದೆ, 9300ರವರೆಗೂ ಹುಡುಕುತ್ತದೆ. ಹೋಸ್ಟ್‌ನಲ್ಲಿ ಇನ್ನೊಂದು ಸರ್ವರ್ ಓಡುತ್ತಿದ್ದರೆ ನಿಮ್ಮ ಟೆಸ್ಟ್ ಮಾತಾಡುತ್ತಿರುವುದು ಅದರ ಜೊತೆ. ಎಸ್‌ಬಿಲ್ಡ್ ಎಸ್‌ಕ್ರೂಟ್ ಮೋಡ್‌ನಲ್ಲಿದ್ದರೆ ನೆಟ್‌ವರ್ಕ್ ಹೋಸ್ಟ್‌ನದ್ದೇ ಅಲ್ವಾ.

ಬೆಲ್ಲದಚ್ಚು
ಪೋರ್ಟ್ 19200, ಅಲ್ಲಿ ಬೇರೆ ಏನೂ ಇಲ್ಲ.

ಸ್ವತಂತ್ರತಂತ್ರಿ
ಮೂಲ ಪ್ರಶ್ನೆಯನ್ನೇ ಯಾರೂ ಕೇಳುತ್ತಿಲ್ಲ. 7.17 ಯಾಕೆ? 7.10 ಆದ ಮೇಲೆ ಅಪಾಚೆ ಲೈಸೆನ್ಸ್ ಇಲ್ಲ. 2021ರಲ್ಲಿ ಬದಲಾಯಿಸಿದರು. ಡೆಬಿಯನ್‌ನ ಮುಖ್ಯ ಆರ್ಕೈವ್‌ಗೆ ಇದನ್ನು ಬಿಲ್ಡ್ ಡಿಪೆಂಡೆನ್ಸಿಯಾಗಿ ಒಯ್ಯಲು ಆಗುವುದಿಲ್ಲ. ಅದರಿಂದ ಕವಲೊಡೆದ, ಅಪಾಚೆ ಲೈಸೆನ್ಸಿನ ಓಪನ್‌ಸರ್ಚ್ ಬಳಸಿ.

ಜಾವಾಜಂಗಮ
2024ರಲ್ಲಿ ಎಜಿಪಿಎಲ್ ಅನ್ನುವ ಮುಕ್ತ ಲೈಸೆನ್ಸಿನ ಆಯ್ಕೆಯನ್ನೂ ಕೊಟ್ಟಿದ್ದಾರೆ. ಹಳೇ ಜಗಳ ಬಿಡಿ.

ಸ್ವತಂತ್ರತಂತ್ರಿ
ಅದು ಹೊಸ ವರ್ಷನ್‌ಗಳಿಗೆ. 7.17ಕ್ಕೆ ಏನು ಸಂಬಂಧ?

ಜಾವಾಜಂಗಮ
ಓಪನ್‌ಸರ್ಚ್ ಹಾಕಿದರೆ ಬೆಲ್ಲದಚ್ಚು ಬಳಸುವ ಪೈಥಾನ್ ಕ್ಲೈಂಟ್ ಒಪ್ಪುವುದೇ ಇಲ್ಲ. 7.14ರಿಂದ ಎದುರಿಗಿರುವುದು ಇಲಾಸ್ಟಿಕ್‌ಸರ್ಚ್ ಹೌದಾ ಅಂತ ಕೇಳಿಯೇ ಮುಂದೆ ಹೋಗುತ್ತದೆ. ಅವರೇನು ಕೋಡನ್ನೆಲ್ಲ ತಿದ್ದಬೇಕಾ?

ಬೆಲ್ಲದಚ್ಚು
ಇದು ನಮ್ಮೊಳಗಿನ ರೆಪೊಸಿಟರಿಗೆ ಮಾತ್ರ. ಡೆಬಿಯನ್‌ಗೆ ಕಳಿಸುತ್ತಿಲ್ಲ. ದಯವಿಟ್ಟು.

ತೆಂಗಿನಗರಿ
ಸರ್ವರ್ ಲಾಗ್ ಎಲ್ಲಿ? ಕ್ಲೈಂಟ್ ಏನು ಹೇಳುತ್ತದೆ ಅನ್ನುವುದು ಬೇಡ.

ಬೆಲ್ಲದಚ್ಚು
ಲಾಗ್ ಡೈರೆಕ್ಟರಿ ಕೊನೆಗೆ ಅಳಿಸಿ ಹೋಗುತ್ತದೆ. ಸ್ಕ್ರಿಪ್ಟ್ ಮುಗಿಯುವಾಗ ತಾನಾಗಿ ಓಡುವ ಟ್ರ್ಯಾಪ್ ಇದೆ.

ತೆಂಗಿನಗರಿ
ಆ ಟ್ರ್ಯಾಪ್ ಒಳಗೆ, ಅಳಿಸುವ ಸಾಲಿಗೆ ಮುಂಚೆ, ಲಾಗ್‌ನ ಕೊನೆಯ ಐವತ್ತು ಸಾಲು ಪ್ರಿಂಟ್ ಮಾಡಿಸಿ. ಬಿಲ್ಡ್ ಲಾಗ್‌ನಲ್ಲೇ ಬರುತ್ತದೆ. ತಾತ್ಕಾಲಿಕ ಸರ್ವರ್ ಇಡುವ ಪ್ರತಿ ಸ್ಕ್ರಿಪ್ಟ್‌ನಲ್ಲೂ ಇದು ಇರಲೇಬೇಕು.

ಬೆಲ್ಲದಚ್ಚು
ಸಿಕ್ಕಿತು. "ಫ್ಲಡ್ ಸ್ಟೇಜ್ ಡಿಸ್ಕ್ ವಾಟರ್‌ಮಾರ್ಕ್ 95% ಮೀರಿದೆ, ಈ ನೋಡ್‌ನ ಎಲ್ಲ ಇಂಡೆಕ್ಸ್‌ಗಳನ್ನು ರೀಡ್-ಓನ್ಲಿ ಮಾಡಲಾಗುವುದು" ಅನ್ನುವ ಅರ್ಥದ ಸಾಲು. ಆದರೆ ನನ್ನ ಎಸ್‌ಎಸ್‌ಡಿಯಲ್ಲಿ ಅರ್ಧಕ್ಕರ್ಧ ಖಾಲಿ ಇದೆ!

ತೆಂಗಿನಗರಿ
ಡೇಟಾ ಪಾತ್ ಇರುವುದು ಎಸ್‌ಎಸ್‌ಡಿ ಮೇಲಾ? ಕ್ರೂಟ್ ಒಳಗಿಂದ, ಡಿಸ್ಕ್ ಎಷ್ಟು ತುಂಬಿದೆ ಅಂತ ತೋರಿಸುವ ಡಿಎಫ್ ಓಡಿಸಿ.

ಬೆಲ್ಲದಚ್ಚು
ಕ್ರೂಟ್ ಟಿಎಂಪಿಎಫ್‌ಎಸ್ (ರ‍್ಯಾಮ್‌ನಲ್ಲೇ ಇರುವ ಫೈಲ್‌ಸಿಸ್ಟಂ) ಮೇಲಿದೆ, ವೇಗಕ್ಕೆ. ಎಲ್ಲರೂ ಹಾಗೇ ಇಡುವುದಲ್ವಾ? 3.9 ಜಿಬಿ, 97% ತುಂಬಿದೆ, 130 ಎಂಬಿ ಬಾಕಿ. ಟೆಸ್ಟ್ ಡೇಟಾ ಒಂದು ಎಂಬಿ ಕೂಡ ಇಲ್ಲ. ಜಾಗ ಇದೆಯಲ್ಲ?

ತೆಂಗಿನಗರಿ
8 ಜಿಬಿ ರ‍್ಯಾಮ್ ಅಂತಾಯಿತು. ಅಳತೆ ಕೊಡದಿದ್ದರೆ ಟಿಎಂಪಿಎಫ್‌ಎಸ್ ಅರ್ಧ ರ‍್ಯಾಮ್ ತೆಗೆದುಕೊಳ್ಳುತ್ತದೆ. ಬಿಲ್ಡ್ ಡಿಪೆಂಡೆನ್ಸಿ, ಅದರ ಮೇಲೆ ಒಳಗೇ ಒಂದು ಜೆಡಿಕೆ (ಜಾವಾ ಕಿಟ್) ಹೊತ್ತ ಇಲಾಸ್ಟಿಕ್‌ಸರ್ಚ್, ಎಲ್ಲ ಸೇರಿ ತುಂಬಿದೆ. ಎಷ್ಟು ಎಂಬಿ ಬಾಕಿ ಅನ್ನುವುದು ಅದಕ್ಕೆ ಬೇಡ, ಶೇಕಡಾ ಲೆಕ್ಕ ಮಾತ್ರ. ಡಿಸ್ಕ್ ನೋಡುವುದು 30 ಸೆಕೆಂಡಿಗೊಮ್ಮೆ. ಅಷ್ಟರೊಳಗೆ ಓಡಿದ ಟೆಸ್ಟ್ ಪಾಸ್. ಆಮೇಲೆ ಬೀಗ. ಅದಕ್ಕೇ ಪ್ರತಿ ಸಲ ಬೇರೆ ಟೆಸ್ಟ್‌ನಿಂದ ಶುರು. 429 ಬರುವುದೂ ಆ ಬೀಗದಿಂದಲೇ.

ಟೆಸ್ಟ್‌ನ ಕಾನ್ಫಿಗ್‌ನಲ್ಲಿ ಡಿಸ್ಕ್ ಥ್ರೆಶೋಲ್ಡ್ ಎನೇಬಲ್ಡ್ ಅನ್ನು ಫಾಲ್ಸ್ ಮಾಡಿ. ಇಲ್ಲವಾದರೆ ಲೋ, ಹೈ, ಫ್ಲಡ್ ಮೂರು ವಾಟರ್‌ಮಾರ್ಕ್‌ಗಳನ್ನೂ ಎಂಬಿ ಲೆಕ್ಕದಲ್ಲಿ ಕೊಡಿ. ಒಂದು ಶೇಕಡಾ, ಒಂದು ಎಂಬಿ ಅಂತ ಬೆರೆಸಿದರೆ ಒಪ್ಪುವುದಿಲ್ಲ.

ಕರ್ನಲ್‌ಕಾಕಾ
ಅದು ಸರಿ, ಆದರೂ ಮ್ಯಾಪ್ ಕೌಂಟ್ ಹಾಗೇ ಬಿಡಬೇಡಿ.

ಬೆಲ್ಲದಚ್ಚು
ಫಾಲ್ಸ್ ಮಾಡಿದೆ, ಸಾಲಾಗಿ ಬೀಳುವುದು ನಿಂತಿತು! ಒಂದು ಟೆಸ್ಟ್ ಮಾತ್ರ ಈಗಲೂ ಆಗಾಗ ಬೀಳುತ್ತದೆ. ಪದ ಸೇರಿಸಿದ ಕೂಡಲೇ ಹುಡುಕಿದರೆ ಸೊನ್ನೆ ಫಲಿತಾಂಶ.

ಪೋರ್ಟ್‌ಪುರಾಣಿಕ
ಬರೆದದ್ದು ಹುಡುಕಾಟಕ್ಕೆ ಸಿಗುವುದು ರಿಫ್ರೆಶ್ ಆದ ಮೇಲೆ, ಮಾಮೂಲಿ 1 ಸೆಕೆಂಡ್. ಸುಮ್ನೆ ಸ್ಲೀಪ್ ಹಾಕಬೇಡಿ. ಬರೆಯುವ ಕರೆಯಲ್ಲೇ ರಿಫ್ರೆಶ್‌ಗೆ ವೇಟ್-ಫಾರ್ ಕೊಡಿ. ಹಾಗೇ ಸರ್ವರ್ ಎದ್ದಿದೆಯಾ ಅಂತ ನೋಡುವಾಗಲೂ ಹೆಲ್ತ್ ಕರೆಯಲ್ಲಿ ಯೆಲ್ಲೋ ಸ್ಥಿತಿಯವರೆಗೆ ಕಾಯಿರಿ. ಗ್ರೀನ್‌ಗೆ ಕಾದರೆ ಆಗದು. ಒಂದೇ ನೋಡ್‌ನಲ್ಲಿ ರೆಪ್ಲಿಕಾಗೆ (ಇನ್ನೊಂದು ನೋಡ್‌ನಲ್ಲಿಡುವ ಪ್ರತಿಗೆ) ಜಾಗ ಎಲ್ಲಿದೆ?

ಜಾವಾಜಂಗಮ
8 ಜಿಬಿಯಲ್ಲಿ ಟಿಎಂಪಿಎಫ್‌ಎಸ್ ಬಿಲ್ಡ್ ಮಾಡುವುದು ಹಿಂಸೆ. ನನ್ನದು 128 ಜಿಬಿ, 16 ಕೋರ್. ಕ್ರೂಟ್, ಸಿಸಿಕ್ಯಾಶ್, ಎಲ್ಲ ರ‍್ಯಾಮ್‌ನಲ್ಲೇ. ಫ್ಯಾನ್ ಸದ್ದೂ ಇಲ್ಲ.

ಸ್ವತಂತ್ರತಂತ್ರಿ
ಅಷ್ಟು ರ‍್ಯಾಮ್ ಇಟ್ಟುಕೊಂಡು ಇಲಾಸ್ಟಿಕ್ ಓಡಿಸುತ್ತೀರಾ?

ಕರ್ನಲ್‌ಕಾಕಾ
ಇಸಿಸಿ ರ‍್ಯಾಮಾ? ಯಾವ ಬೋರ್ಡ್?